ಮೊದಲ ದೋಸೆಗೂ ಮುನ್ನ: ಕಾವಲಿ, ಮಡಕೆ, ಕಲ್ಚಟ್ಟಿ, ಡ್ರಮ್ಮು ಪಳಗಿಸುವ ಕ್ರಮ

ಹೊಸ ಬೀಡಿನ (ಎರಕದ ಕಬ್ಬಿಣದ) ಕಾವಲಿ ತಂದ ದಿನವೇ ಅದರ ಮೇಲೆ ದೋಸೆ ಹೊಯ್ದರೆ ಏನಾಗುತ್ತದೆ ಎಂಬುದು ಬಹಳ ಮನೆಗಳಿಗೆ ಗೊತ್ತು. ಹಿಟ್ಟು ಕಚ್ಚಿಕೊಳ್ಳುತ್ತದೆ, ಕೆರೆದರೆ ಕಪ್ಪು ಬಿಡುತ್ತದೆ, ನಾಲ್ಕು ದಿನಕ್ಕೆ ತುಕ್ಕು ಹಿಡಿಯುತ್ತದೆ. ಕೊನೆಗೆ ಕಾವಲಿ ಅಟ್ಟ ಸೇರಿ, ಹಳೆಯ ನಾನ್‌ಸ್ಟಿಕ್ಕು ಮತ್ತೆ ಒಲೆಗೆ ಬರುತ್ತದೆ. ಹೊಸ ಮಡಕೆಯಲ್ಲಿ ಅಂದೇ ಸಾರು ಕಾಯಿಸಿ ಸೀಳು ಬಿಡಿಸಿಕೊಂಡವರೂ, ಕಲ್ಚಟ್ಟಿಯನ್ನು ನೇರವಾಗಿ ದೊಡ್ಡ ಉರಿಗೆ ಇಟ್ಟು ಎರಡು ಹೋಳು ಮಾಡಿಕೊಂಡವರೂ ಕಡಿಮೆಯಿಲ್ಲ. ಇಲ್ಲೆಲ್ಲ ಪಾತ್ರೆ ಕಳಪೆಯಾಗಿತ್ತೆಂದು ಹೇಳಲಾಗದು. ಪಳಗಿಸದೆ ಬಳಸಿದ್ದೇ ಸಾಮಾನ್ಯವಾಗಿ ಕಾರಣ.

ಪಳಗಿಸುವುದೆಂದರೆ ಎಣ್ಣೆ ಸವರಿ ಬಿಸಿ ಮಾಡುವುದು ಎಂಬ ಒಂದೇ ಸೂತ್ರವನ್ನು ಎಲ್ಲ ಪಾತ್ರೆಗೂ ಅನ್ವಯಿಸುವುದು ದೊಡ್ಡ ತಪ್ಪು. ಪ್ರತಿ ವಸ್ತುವಿಗೂ ಅದರದೇ ಆದ ದೌರ್ಬಲ್ಯವಿದೆ. ಕಬ್ಬಿಣಕ್ಕೆ ತುಕ್ಕು, ಮಣ್ಣಿಗೆ ಸಣ್ಣ ರಂಧ್ರ, ಕಲ್ಲಿಗೆ ದಿಢೀರ್ ಶಾಖ. ಮಾಂಸ ಸುಡಲು ಮಾಡಿಸಿದ ಡ್ರಮ್ಮಿಗೆ ಬಣ್ಣ, ಗ್ರೀಸು ಮತ್ತು ಅದರೊಳಗೆ ಹಿಂದೆ ಇದ್ದ ಪದಾರ್ಥ. ಯಾವುದನ್ನು ಯಾವುದರಿಂದ ಕಾಯಬೇಕು ಎಂದು ತಿಳಿದರೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಡುಗೆಮನೆಗಳಲ್ಲಿ ಬಳಕೆಯಾಗುವ ನಾಲ್ಕು ಬಗೆಯನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಕೊಳ್ಳುವಾಗಲೇ ನೋಡಿ

ಪಳಗಿಸಿ ಸರಿಪಡಿಸಲಾಗದ ದೋಷಗಳಿವೆ. ಅವನ್ನು ಅಂಗಡಿಯಲ್ಲೇ ಹಿಡಿಯಬೇಕು.

ಕಾವಲಿಯನ್ನು ಸಮತಟ್ಟಾದ ನೆಲದ ಮೇಲಿಟ್ಟು ಅಂಚನ್ನು ಒತ್ತಿ ನೋಡಿ. ಕುಣಿದರೆ ತಳ ಬಾಗಿದೆ ಎಂದರ್ಥ. ಗ್ಯಾಸ್ ಒಲೆಯ ಮೇಲೆ ಅದು ಒಂದೇ ಕಡೆ ಕಾಯುತ್ತದೆ. ಇಂಡಕ್ಷನ್ ಒಲೆಯವರಂತೂ ಸಮ ತಳದ್ದನ್ನೇ ಕೊಳ್ಳಬೇಕು. ಮೇಲ್ಮೈ ಮೇಲೆ ಬೆರಳಾಡಿಸಿ: ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಕಾವಲಿ ಸ್ವಲ್ಪ ತರಿತರಿಯಾಗಿರುವುದು ಸಹಜ, ಆದರೆ ಗುಳಿ, ಗಂಟು ಇರಬಾರದು. ತಗಡಿನ ಕಾವಲಿ ಹಗುರ, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಬೀಡಿನದು ಭಾರ, ನಿಧಾನ, ಆದರೆ ಹಿಡಿದ ಶಾಖ ಬಿಡದು. ಬೀಡು ಬಿದ್ದರೆ ಒಡೆಯುತ್ತದೆ, ತಗಡು ನೆಗ್ಗುತ್ತದೆ.

ಮಡಕೆಯನ್ನು ಬೆರಳಿನ ಗಣ್ಣಿನಿಂದ ತಟ್ಟಿ. ಠಣ್ ಎಂದು ಕೂಗಬೇಕು. ಡಬ್ ಎಂದರೆ ಒಳಗೆಲ್ಲೋ ಬಿರುಕಿದೆ ಅಥವಾ ಸರಿಯಾಗಿ ಬೆಂದಿಲ್ಲ. ತಳಕ್ಕೆ ನಾಲ್ಕು ಹನಿ ನೀರು ಹಾಕಿ ನೋಡಿ. ಹನಿಯನ್ನು ಬೇಗ ಹೀರಿಕೊಂಡರೆ ಬರಿ ಮಣ್ಣು. ಮುತ್ತಿನಂತೆ ನಿಂತರೆ ವಾರ್ನಿಷ್ಷೋ ಬೇರೆ ಲೇಪವೋ ಇದೆ. ಅಂಥದ್ದು ಹೂ ಇಡಲು ಸರಿ, ಹುಣಸೆ ಹುಳಿ ಕುದಿಸಲು ಬೇಡ.

ಕಲ್ಚಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ಕಲ್ಲಿನಲ್ಲಿ ಬಣ್ಣದ ಗೆರೆಗಳಿರುವುದು ಸಾಮಾನ್ಯ. ಉಗುರು ಸಿಕ್ಕಿಕೊಳ್ಳುವ ಗೆರೆಯಾದರೆ ಅದು ಬಿರುಕು, ಬಿಟ್ಟುಬಿಡಿ.

ಕಾವಲಿ: ತೆಳುವಾಗಿ, ಮತ್ತೆ ಮತ್ತೆ

ಹೊಸ ಕಬ್ಬಿಣದ ಪಾತ್ರೆ ಅಂಗಡಿಯಲ್ಲಿ ತುಕ್ಕು ಹಿಡಿಯದಿರಲೆಂದು ತಯಾರಕರು ಎಣ್ಣೆಯನ್ನೋ ಮೇಣವನ್ನೋ ಬಳಿದಿರುತ್ತಾರೆ. ಅದು ತಿನ್ನುವ ಎಣ್ಣೆಯೇ ಆಗಿರಬೇಕೆಂದಿಲ್ಲ. ಆದ್ದರಿಂದ ಮೊದಲು ಅದನ್ನು ತೆಗೆಯಬೇಕು. ಬಿಸಿನೀರು, ಪಾತ್ರೆ ಸೋಪು ಅಥವಾ ಸೀಗೆಪುಡಿ, ತೆಂಗಿನ ನಾರು ಹಿಡಿದು ಹಿಂದೆ ಮುಂದೆ ಎರಡೂ ಕಡೆ, ಹಿಡಿಯವರೆಗೂ ಉಜ್ಜಿ. ಕಬ್ಬಿಣಕ್ಕೆ ಸೋಪು ತಾಗಿಸಬಾರದು ಎಂಬ ಮಾತು ಈ ಮೊದಲ ತೊಳೆತಕ್ಕೆ ಅನ್ವಯಿಸುವುದಿಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕಪ್ಪು ಜಿಡ್ಡು ಬರುವುದು ನಿಲ್ಲುವವರೆಗೆ ತೊಳೆಯಿರಿ. ‘ಪ್ರೀ-ಸೀಸನ್ಡ್’ ಎಂದು ಬರೆದಿರುವ ಕಾವಲಿಗೆ ಇಷ್ಟು ಬೇಡ. ಬಿಸಿನೀರಿನಲ್ಲಿ ತೊಳೆದು ಮುಂದಿನ ಹಂತವನ್ನು ಎರಡು ಸಲ ಮಾಡಿದರೆ ಸಾಕು.

ಕಾವಲಿಯನ್ನು ಅಕ್ಕಚ್ಚಿನಲ್ಲಿ (ಅಕ್ಕಿ ತೊಳೆದ ನೀರಿನಲ್ಲಿ) ಎರಡು ಮೂರು ದಿನ ನೆನೆಸಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಜಿಡ್ಡು ಸಡಿಲಾಗಲು ಅದು ನೆರವಾಗಬಹುದು, ಆದರೆ ಬರಿ ಕಬ್ಬಿಣ ನೀರಿನಲ್ಲಿ ಅಷ್ಟು ಹೊತ್ತು ಇದ್ದರೆ ತುಕ್ಕೂ ಶುರುವಾಗುತ್ತದೆ. ಸೋಪಿನಿಂದ ಚೆನ್ನಾಗಿ ತೊಳೆದರೆ ನೆನೆಸುವ ಅಗತ್ಯವಿಲ್ಲ.

ಮುಂದಿನ ಕೆಲಸ ಹೀಗೆ:

1. ತೊಳೆದ ಕೂಡಲೇ ಒರೆಸಿ, ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟು ನೀರಿನ ಪಸೆ ಪೂರ್ತಿ ಆರಿಸಿ.
2. ಒಲೆ ಆರಿಸಿ. ಕೈ ತಾಳುವಷ್ಟು ಬಿಸಿ ಇರುವಾಗ ಒಂದು ಚಮಚ ಎಣ್ಣೆಯನ್ನು ಹಳೆಯ ಹತ್ತಿ ಬಟ್ಟೆಯಿಂದ ಎಲ್ಲ ಕಡೆ ಸವರಿ, ಬೆನ್ನಿಗೂ ಹಿಡಿಗೂ ಸೇರಿಸಿ. ಪಾಲಿಯೆಸ್ಟರ್ ಬಟ್ಟೆ ಬೇಡ, ಕರಗಿ ಅಂಟುತ್ತದೆ.
3. ಈಗ ಒಣ ಬಟ್ಟೆ ತೆಗೆದುಕೊಂಡು ಹಚ್ಚಿದ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಇಡೀ ಕ್ರಮದ ಗುಟ್ಟು ಈ ಹಂತದಲ್ಲಿದೆ. ಒರೆಸಿದ ಮೇಲೂ ಉಳಿಯುವ ತೆಳು ಪೊರೆಯಷ್ಟೇ ನಮಗೆ ಬೇಕು.
4. ಮಧ್ಯಮ ಉರಿಯಲ್ಲಿ ಇಡಿ. ಹೊಗೆ ಏಳುತ್ತದೆ, ಕಿಟಕಿ ತೆರೆದಿರಲಿ. ಹೊಗೆ ಕಡಿಮೆಯಾಗುವವರೆಗೆ, ಸುಮಾರು 10–15 ನಿಮಿಷ ಕಾಯಿಸಿ. ನಡುವೆ ಕಾವಲಿಯನ್ನು ಆಚೀಚೆ ಸರಿಸುತ್ತಿದ್ದರೆ ಅಂಚಿಗೂ ಉರಿ ತಾಗುತ್ತದೆ.
5. ಒಲೆ ಆರಿಸಿ, ತಾನಾಗಿ ತಣಿಯಲು ಬಿಡಿ.
6. ಎರಡರಿಂದ ಐದರವರೆಗಿನ ಹಂತಗಳನ್ನು ನಾಲ್ಕರಿಂದ ಆರು ಸಲ ಮಾಡಿ. ಒಂದೇ ದಿನ ಮುಗಿಸಬೇಕೆಂದಿಲ್ಲ, ಎರಡು ಮೂರು ದಿನಕ್ಕೆ ಹಂಚಿಕೊಳ್ಳಬಹುದು.

ಇಲ್ಲಿ ನಡೆಯುವುದೇನು? ಎಣ್ಣೆಯ ಕೊಬ್ಬಿನಂಶ ಹೆಚ್ಚು ಶಾಖದಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಈ ಪೊರೆ ಎಣ್ಣೆಯ ಹಾಗೆ ತೊಳೆದರೆ ಹೋಗುವುದಿಲ್ಲ. ಕಬ್ಬಿಣಕ್ಕೂ ಗಾಳಿಗೂ ನಡುವೆ ನಿಂತು ತುಕ್ಕನ್ನು ತಡೆಯುತ್ತದೆ, ಹಿಟ್ಟು ಕಚ್ಚದಂತೆ ನೋಡಿಕೊಳ್ಳುತ್ತದೆ. ಎಣ್ಣೆ ದಪ್ಪಗಿದ್ದರೆ ಮೇಲ್ಪದರ ಮಾತ್ರ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ. ಕಾವಲಿ ಅಂಟಂಟಾಗುವುದು ಇದರಿಂದಲೇ.

ಯಾವ ಎಣ್ಣೆ?

ಎಲ್ಲ ಎಣ್ಣೆಯೂ ಒಂದೇ ರೀತಿ ಗಟ್ಟಿಯಾಗುವುದಿಲ್ಲ. ಅಪರ್ಯಾಪ್ತ ಕೊಬ್ಬಿನಾಮ್ಲ ಹೆಚ್ಚಿರುವ ಎಣ್ಣೆ ಚೆನ್ನಾಗಿ ಹೆಣೆದುಕೊಳ್ಳುತ್ತದೆ. ಸೂರ್ಯಕಾಂತಿ ಎಣ್ಣೆ ಎಲ್ಲರ ಮನೆಯಲ್ಲೂ ಇರುತ್ತದೆ, ಕೆಲಸಕ್ಕೆ ಚೆನ್ನಾಗಿದೆ. ಕಡಲೆಕಾಯಿ ಎಣ್ಣೆಯೂ ಆಗುತ್ತದೆ, ಪದರ ಕೂರಲು ಒಂದೆರಡು ಸಲ ಹೆಚ್ಚು ಬೇಕಾಗಬಹುದು. ನಮ್ಮ ಕಡೆ ರಾಗಿ ಹೊಲದ ಅಂಚಿನಲ್ಲಿ ಹಳದಿ ಹೂ ಬಿಡುವ ಹುಚ್ಚೆಳ್ಳಿನ ಎಣ್ಣೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಲಿನೊಲೆಯಿಕ್ ಆಮ್ಲವೇ ಮುಖ್ಯ. ಗಾಣದಿಂದ ತಂದ ಎಣ್ಣೆ ಸಿಕ್ಕಿದರೆ ಬಳಸಿ ನೋಡಿ.

ಅಗಸೆ ಎಣ್ಣೆ ಎಲ್ಲಕ್ಕಿಂತ ಗಟ್ಟಿ ಪೊರೆ ಕೊಡುತ್ತದೆ, ಆದರೆ ಸ್ವಲ್ಪ ದಪ್ಪವಾದರೂ ಮುಂದೆ ಚಕ್ಕೆಯಾಗಿ ಏಳುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಪರ್ಯಾಪ್ತ ಕೊಬ್ಬೇ ಆದ್ದರಿಂದ ಅದು ಗಟ್ಟಿ ಪದರವಾಗದು. ಹರಳೆಣ್ಣೆಯೂ ಒಣಗುವ ಜಾತಿಯದಲ್ಲ. ಕಾವಲಿಯನ್ನು ಬಹಳ ದಿನ ಎತ್ತಿಡುವಾಗ ತುಕ್ಕು ಬರದಂತೆ ಸವರಿಡಲು ಇವೆರಡೂ ಆಗುತ್ತವೆ, ಪಳಗಿಸಲು ಬೇರೆ ಎಣ್ಣೆ ಹಿಡಿಯಿರಿ. ತುಪ್ಪ, ಬೆಣ್ಣೆ ದೋಸೆಗೆ ಇರಲಿ.

ಕೊನೆಯ ಪದರ ಆದಮೇಲೆ ಅರ್ಧ ಕತ್ತರಿಸಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಬಿಸಿ ಕಾವಲಿಗೆ ಉಜ್ಜುವುದು ಹಳೆಯ ರೂಢಿ. ಈರುಳ್ಳಿ ಎಣ್ಣೆಯನ್ನು ಸಮನಾಗಿ, ತೆಳುವಾಗಿ ಹರಡುತ್ತದೆ, ಬಟ್ಟೆಯಂತೆ ಸುಡುವುದಿಲ್ಲ. ಪ್ರತಿ ದೋಸೆಗೂ ಮುಂಚೆ ಇದನ್ನು ಮುಂದುವರಿಸಿದರೆ ಪದರವೂ ದಿನೇ ದಿನೇ ಬಲಿಯುತ್ತದೆ.

ಮೊದಲ ವಾರ ಕಾವಲಿಗೆ ಏನು ಹಾಕಬೇಕು?

‘ಎಲ್ಲರ ಮನೆ ದೋಸೆ ತೂತು, ನಮ್ಮನೆ ಕಾವಲೀನೇ ತೂತು’ ಅನ್ನುತ್ತೇವಲ್ಲ, ಹೊಸ ಕಾವಲಿಯ ಮೊದಲ ನಾಲ್ಕಾರು ದೋಸೆ ಆ ಗಾದೆಯನ್ನು ನೆನಪಿಸುತ್ತವೆ. ಗಾಬರಿ ಬೇಡ. ಮೊದಲ ದಿನ ತೆಳು ದೋಸೆಗೆ ಹೋಗದೆ, ಎಣ್ಣೆ ಸ್ವಲ್ಪ ಮುಂದಾಗಿ ಹಾಕಿ ದಪ್ಪ ದೋಸೆ ಅಥವಾ ಈರುಳ್ಳಿ ದೋಸೆ ಹೊಯ್ಯಿರಿ. ಕಾವಲಿಗೆ ನೀರು ಚಿಮುಕಿಸಿದಾಗ ಹನಿಗಳು ಗುಂಡಾಗಿ ಓಡಾಡಿದರೆ ಕಾವು ಜಾಸ್ತಿಯಾಗಿದೆ. ಚುಂಯ್ ಎಂದು ಕೂಡಲೇ ಆರಿದರೆ ಹಿಟ್ಟು ಹೊಯ್ಯುವ ಹದ.

ಅಕ್ಕಿ ರೊಟ್ಟಿ ಮಾಡುವವರಿಗೆ ಒಂದು ಎಚ್ಚರಿಕೆ. ಕಾವಲಿಯ ಮೇಲೇ ರೊಟ್ಟಿ ತಟ್ಟುವ ಮನೆಗಳಲ್ಲಿ, ಒಂದು ರೊಟ್ಟಿ ಬೆಂದ ಮೇಲೆ ಬಿಸಿ ಕಾವಲಿಯನ್ನು ನಲ್ಲಿ ಕೆಳಗೆ ಹಿಡಿದು ತಣಿಸಿ ಮುಂದಿನದನ್ನು ತಟ್ಟುವುದುಂಟು. ತಗಡು, ಅಲ್ಯೂಮಿನಿಯಂ ಇದನ್ನು ತಡೆದುಕೊಳ್ಳುತ್ತವೆ. ಬೀಡು ತಡೆಯದು, ಒಂದೇ ಏಟಿಗೆ ಸೀಳಬಹುದು. ಎರಡು ಕಾವಲಿ ಇಟ್ಟುಕೊಂಡು ಒಂದು ಆರುವಾಗ ಇನ್ನೊಂದನ್ನು ಬಳಸಿ, ಇಲ್ಲವೇ ಬಾಳೆ ಎಲೆಯ ಮೇಲೆ ತಟ್ಟಿ ಕಾವಲಿಗೆ ಮಗುಚಿ.

ದೋಸೆಗೊಂದು, ಚಪಾತಿಗೊಂದು ಕಾವಲಿ ಇದ್ದರೆ ಒಳ್ಳೆಯದು. ಎಣ್ಣೆಯಿಲ್ಲದೆ ಒಣಗಾಗಿ ಸುಡುವ ಚಪಾತಿ, ದೋಸೆ ಕಾವಲಿಯ ನುಣುಪನ್ನು ಕಡಿಮೆ ಮಾಡುತ್ತದೆ. ಕಬ್ಬಿಣದ ಬಾಂಡ್ಲಿಗೂ ಇದೇ ಕ್ರಮ. ಮೊದಲ ಕೆಲವು ಸಲ ಅದರಲ್ಲಿ ವಡೆ, ಬೋಂಡ, ಪೂರಿ ಕರಿದರೆ ತಾನಾಗಿ ಪಳಗುತ್ತದೆ. ಹುಣಸೆ ಹುಳಿ, ಟೊಮೆಟೊ ಹಾಕಿದ ಗೊಜ್ಜನ್ನು ಹೊಸ ಬಾಂಡ್ಲಿಯಲ್ಲಿ ಕುದಿಸಬೇಡಿ. ಹುಳಿ ಎಳೆಯ ಪದರವನ್ನು ಕಿತ್ತು, ಕಬ್ಬಿಣವನ್ನೂ ಕರಗಿಸಿ ಗೊಜ್ಜು ಕಪ್ಪಾಗುವಂತೆ ಮಾಡುತ್ತದೆ.

ಮಡಕೆ: ಮೊದಲು ನೀರು, ಆಮೇಲೆ ಗಂಜಿ

ಮಣ್ಣಿನ ಪಾತ್ರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಬೇಸಿಗೆಯಲ್ಲಿ ನೀರಿನ ಮಡಕೆ ತಂಪಾಗುವುದು ಆ ರಂಧ್ರಗಳಿಂದಲೇ. ಅಡುಗೆ ಮಡಕೆಗೆ ಅವೇ ತೊಂದರೆ: ಸಾರು ಜಿನುಗುತ್ತದೆ, ಮೀನಿನ ವಾಸನೆ ಉಳಿದುಕೊಳ್ಳುತ್ತದೆ, ಒಂದು ಕಡೆ ಒಣಗಿ ಇನ್ನೊಂದು ಕಡೆ ಹಸಿಯಿರುವ ಗೋಡೆ ಶಾಖಕ್ಕೆ ಸೀಳುತ್ತದೆ. ಆದ್ದರಿಂದ ಮಡಕೆ ಪಳಗಿಸುವುದೆಂದರೆ ರಂಧ್ರ ತುಂಬಿಸುವ ಕೆಲಸ. ಅದಕ್ಕೆ ಬೇಕಾದ ಸಾಮಾನು ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ.

ಮೊದಲ ದಿನ ತೆಂಗಿನ ನಾರಿನಿಂದ ಒಳಗೂ ಹೊರಗೂ ಉಜ್ಜಿ, ಸಡಿಲ ಮಣ್ಣು ಹೋಗುವವರೆಗೆ ಬರಿ ನೀರಿನಲ್ಲಿ ತೊಳೆಯಿರಿ. ಸೋಪು ಬೇಡವೇ ಬೇಡ, ರಂಧ್ರ ಸೇರಿದ ಸೋಪು ಆಮೇಲೆ ಸಾರಿನಲ್ಲಿ ನೊರೆಯಾಗುತ್ತದೆ. ಬಕೆಟ್ಟಿನಲ್ಲಿ ಮಡಕೆ ಪೂರ್ತಿ ಮುಳುಗುವಂತೆ 24 ಗಂಟೆ ನೆನೆಸಿ. ನೀರಿಗೆ ಹಾಕಿದಾಗ ಗುಳುಗುಳು ಗುಳ್ಳೆ ಬರುವುದು ರಂಧ್ರದ ಗಾಳಿ. ಮಾರನೆಯ ದಿನ ತೆಗೆದು ನೆರಳಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಎಳೆಬಿಸಿಲಿಗಿಡಿ.

ಮೂರನೆಯ ದಿನ ಮುಕ್ಕಾಲು ಭಾಗ ಅಕ್ಕಚ್ಚು ಅಥವಾ ತೆಳು ಗಂಜಿ ತುಂಬಿ, ಅತಿ ಸಣ್ಣ ಉರಿಯಲ್ಲಿ ಇಡಿ. ಒಂದು ಗಂಟೆ ನಿಧಾನವಾಗಿ ಕುದಿಯಲಿ, ರಾತ್ರಿಯಿಡೀ ಹಾಗೇ ಆರಲಿ. ಅಕ್ಕಿಯ ಪಿಷ್ಟ ಬಿಸಿಗೆ ಉಬ್ಬಿ ಗೋಂದಿನಂತಾಗಿ ರಂಧ್ರದೊಳಗೆ ಕೂರುತ್ತದೆ. ಬೆಳಿಗ್ಗೆ ಚೆಲ್ಲಿ, ತೊಳೆದು, ಇನ್ನೊಂದೆರಡು ದಿನ ಇದನ್ನೇ ಮಾಡಿ. ಹೊರಗೋಡೆಯಲ್ಲಿ ಜಿನುಗು ನಿಂತರೆ ಗಂಜಿ ತನ್ನ ಕೆಲಸ ಮುಗಿಸಿದೆ.

ಇದಾದ ಮೇಲೆ ಒಳಗೆ ಒಂದು ಚಮಚ ಎಣ್ಣೆ ಸವರಿ, ಹೆಚ್ಚಿದ ಈರುಳ್ಳಿ, ಹಿಡಿ ಕಾಯಿತುರಿ ಹಾಕಿ ಸಣ್ಣ ಉರಿಯಲ್ಲಿ ಕೆಂಪಗೆ ಬಾಡಿಸಿ ಎಸೆದುಬಿಡಿ. ಹಸಿ ಮಣ್ಣಿನ ವಾಸನೆ ಅದರೊಂದಿಗೆ ಹೋಗುತ್ತದೆ.

ಮೊದಲ ಅಡುಗೆಗೆ ಹುರುಳಿಕಾಳು ಬೇಯಿಸುವುದು ಜಾಣತನ. ಅದರ ಕಟ್ಟಿನಲ್ಲೂ ಪಿಷ್ಟವಿದೆ, ನಿಧಾನವಾಗಿ ಬೇಯುವುದರಿಂದ ಮಡಕೆಗೂ ಉರಿಯ ಅಭ್ಯಾಸವಾಗುತ್ತದೆ. ಆಮೇಲೆ ಬಸ್ಸಾರು, ಉಪ್ಸಾರು, ಅವರೆಕಾಳು ಸಾರು ಯಾವುದಾದರೂ ಆದೀತು. ರಾಗಿ ಮುದ್ದೆಗೆ ಮಾತ್ರ ಹೊಸ ಮಡಕೆ ಬೇಡ. ದೊಣ್ಣೆಯಿಂದ ತೊಳಸುವ ರಭಸಕ್ಕೆ ತಳ ಬಿಟ್ಟೀತು. ಮೀನು, ಕೋಳಿ, ಬಾಡಿಗೆ ಒಂದು ಮಡಕೆಯನ್ನೇ ಬೇರೆ ಮಾಡಿಡಿ.

ಮುಂದಿನ ಬಳಕೆಗೆ ಮೂರು ನಿಯಮ. ಒಳಗೆ ಎಣ್ಣೆಯೋ ನೀರೋ ಇಲ್ಲದೆ ಮಡಕೆಯನ್ನು ಉರಿಗೆ ಇಡಬೇಡಿ. ಕುದಿಯುವ ಮಡಕೆಗೆ ತಣ್ಣೀರು ಹೊಯ್ಯಬೇಡಿ, ಸಾರು ಗಟ್ಟಿಯಾದರೆ ಬಿಸಿನೀರು ಸೇರಿಸಿ. ಇಳಿಸುವಾಗ ಗ್ರಾನೈಟ್ ಕಟ್ಟೆಯ ಮೇಲಿಡದೆ ಬಟ್ಟೆಯ ಸಿಂಬೆಯ ಮೇಲೋ ಮರದ ಮಣೆಯ ಮೇಲೋ ಇಡಿ.

ಕಲ್ಚಟ್ಟಿ: ಅವಸರ ಪಟ್ಟರೆ ಕೆಟ್ಟಿತು

ಹಾಸನ ಜಿಲ್ಲೆಯವರಿಗೆ ಮೆದುಕಲ್ಲಿನ ಗುಣ ಹೊಸದಲ್ಲ. ಬೇಲೂರು, ಹಳೇಬೀಡಿನ ಗುಡಿಗಳಿಂದ ಹಿಡಿದು ಹಾಸನದ ಬಳಿಯ ಮೊಸಳೆ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯವರೆಗೆ ಹೊಯ್ಸಳ ಶಿಲ್ಪಿಗಳು ಕೆತ್ತಿದ್ದು ಬಳಪದ ಕಲ್ಲನ್ನೇ. ನೆಲದಿಂದ ತೆಗೆದಾಗ ಉಳಿಗೆ ಮಣಿಯುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಅಡುಗೆಯ ಕಲ್ಚಟ್ಟಿಯೂ ಇಂಥದೇ ಮೆದುಕಲ್ಲಿನದು. ಇಂದು ಮಾರಾಟಕ್ಕೆ ಬರುವುದರಲ್ಲಿ ತಮಿಳುನಾಡಿನ ಸೇಲಂ ಕಡೆಯದು ಹೆಚ್ಚು.

ಕಲ್ಲಿನೊಳಗೆ ಸೇರಿದ ತೇವ ಥಟ್ಟನೆ ಆವಿಯಾಗಲು ಹೋದರೆ ಕಲ್ಲು ಸೀಳುತ್ತದೆ. ಒಂದು ಭಾಗ ಬಿಸಿಯಾಗಿ ಹಿಗ್ಗಿ ಇನ್ನೊಂದು ಭಾಗ ತಣ್ಣಗಿದ್ದರೂ ಹಾಗೇ. ಆದ್ದರಿಂದ ಕಲ್ಚಟ್ಟಿಗೆ ಶಾಖವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ರಾಮನಾಥಪುರ, ಕೊಣನೂರಿನ ಕಡೆ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಹದ ಮಾಡುವ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆ ಹಳದಿಯಾಗುವ ಮೊದಲೇ ಉರಿ ಏರಿಸಿದರೆ ಬೆಳೆಯೆಲ್ಲ ಹಾಳು ಎಂದು ಅವರು ಬಲ್ಲರು.

ಒಂದು ವಾರದ ಲೆಕ್ಕ ಇಟ್ಟುಕೊಳ್ಳಿ.

ಮೊದಲ ದಿನ: ಬರಿ ನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಅರಿಶಿನಪುಡಿ ಕಲಸಿದ ಎಳ್ಳೆಣ್ಣೆ ಅಥವಾ ಹರಳೆಣ್ಣೆಯನ್ನು ಒಳಗೂ ಹೊರಗೂ ದಂಡಿಯಾಗಿ ಬಳಿದು 24 ಗಂಟೆ ಬಿಡಿ. ಕಾವಲಿಗೆ ಬೇಡವೆಂದ ಹರಳೆಣ್ಣೆ ಇಲ್ಲಿ ಸರಿಯೇ. ಇಲ್ಲಿ ಎಣ್ಣೆ ಗಟ್ಟಿಯಾಗಬೇಕಿಲ್ಲ, ಕಲ್ಲಿಗೆ ಇಳಿದರೆ ಸಾಕು.

ಎರಡನೆಯ ದಿನ: ಕಡಲೆಹಿಟ್ಟು ಅಥವಾ ಅಕ್ಕಿಹಿಟ್ಟಿನಿಂದ ಉಜ್ಜಿ ಎಣ್ಣೆ ತೆಗೆದು, ಬೆಚ್ಚಗಿನ ಗಂಜಿ ತುಂಬಿ ಒಂದು ದಿನ ಇಡಿ.

ಮೂರರಿಂದ ಐದನೆಯ ದಿನ: ದಿನವೂ ಗಂಜಿ ಬದಲಾಯಿಸಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ಬಿಸಿಯದನ್ನು ಹಾಕಿ. ಪ್ರತಿ ಸಲವೂ ಚಟ್ಟಿಯಲ್ಲೇ ತಣಿಯಲಿ.

ಆರನೆಯ ದಿನ: ಗಂಜಿ ತುಂಬಿದ ಚಟ್ಟಿಯನ್ನು ಅತಿ ಸಣ್ಣ ಉರಿಯ ಮೇಲೆ 10 ನಿಮಿಷ ಮಾತ್ರ ಇಟ್ಟು ಆರಿಸಿ.

ಏಳನೆಯ ದಿನ: ಅದೇ ರೀತಿ ಅರ್ಧ ಗಂಟೆ. ಬಿರುಕಿನ ಗೆರೆ ಕಾಣದಿದ್ದರೆ ಮಾರನೆಯ ದಿನದಿಂದ ಸಾರು, ಹುಳಿ, ಗೊಜ್ಜು ಮಾಡಬಹುದು.

ಕಲ್ಲು ಹುಳಿಗೆ ಹೆದರುವುದಿಲ್ಲ. ಒಗ್ಗರಣೆಯನ್ನು ಮಾತ್ರ ಬೇರೆ ಸೌಟಿನಲ್ಲಿ ಮಾಡಿ ಸುರಿಯಿರಿ. ಬರಿ ಎಣ್ಣೆ ಹಾಕಿ ಕಲ್ಚಟ್ಟಿಯನ್ನು ಕಾಯಿಸುವುದು ಅಪಾಯ. ಮರದ ಸೌಟು ಬಳಸಿ. ಸಾರು ಪೂರ್ತಿ ಆಗುವ ಐದಾರು ನಿಮಿಷ ಮುಂಚೆಯೇ ಒಲೆ ಆರಿಸಿ, ಇಳಿಸಿದ ಮೇಲೂ ಅದು ಕುದಿಯುತ್ತಲೇ ಇರುತ್ತದೆ. ಬೂದು ಬಣ್ಣದ ಚಟ್ಟಿ ಬರಬರುತ್ತಾ ಕಪ್ಪಾಗುವುದು ಒಳ್ಳೆಯ ಲಕ್ಷಣ. ಇಂಡಕ್ಷನ್ ಒಲೆಯಲ್ಲಿ ಕಲ್ಲೂ ಮಡಕೆಯೂ ಕಾಯುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ನೆನಪಿಡಿ.

ಡ್ರಮ್ಮಿನ ಬಾರ್ಬೆಕ್ಯೂ: ಮೊದಲು ಹಳೆಯ ಕಥೆ ಕೇಳಿ

ತೋಟದ ಮನೆ, ಹೋಂಸ್ಟೇಗಳಲ್ಲಿ ಕೋಳಿ ಸುಡಲು 200 ಲೀಟರಿನ ಕಬ್ಬಿಣದ ಡ್ರಮ್ಮನ್ನು ಅಡ್ಡ ಕತ್ತರಿಸಿ, ಕಾಲು, ಮುಚ್ಚಳ, ಜಾಲರಿ ಕೂಡಿಸಿಕೊಳ್ಳುವುದು ಈಗ ಸಾಮಾನ್ಯ. ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಸ್ಮೋಕರ್‌ಗಳನ್ನು ತರಿಸಿಕೊಳ್ಳುವವರೂ ಇದ್ದಾರೆ. ಇವನ್ನೂ ಮೊದಲ ಅಡುಗೆಗೆ ಮುಂಚೆ ಪಳಗಿಸಬೇಕು.

ಹಳೆಯ ಡ್ರಮ್ಮಾದರೆ ಅದರಲ್ಲಿ ಹಿಂದೆ ಏನಿತ್ತು ಎಂದು ಖಚಿತಪಡಿಸಿಕೊಳ್ಳಿ. ಕೀಟನಾಶಕ, ಪೇಂಟು, ಥಿನ್ನರ್, ಆಸಿಡ್ ಇದ್ದ ಡ್ರಮ್ಮು ಎಷ್ಟು ಸುಟ್ಟರೂ ಅಡುಗೆಗೆ ಬಾರದು. ಹೊತ್ತಿಕೊಳ್ಳುವ ದ್ರವ ಇದ್ದ ಡ್ರಮ್ಮನ್ನು ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸಿನಿಂದ ಕತ್ತರಿಸಲು ಹೋದರೆ ಒಳಗುಳಿದ ಆವಿ ಸಿಡಿದು ಪ್ರಾಣಕ್ಕೇ ಕುತ್ತು. ಖಾದ್ಯ ಎಣ್ಣೆಯಂಥ ತಿನ್ನುವ ಪದಾರ್ಥ ಇದ್ದದ್ದನ್ನೋ ಹೊಸದನ್ನೋ ಆರಿಸಿ. ಜಾಲರಿಗೆ ಸತು ಬಳಿದ ಕಂಬಿ ಬೇಡ, ಕೆಂಡದ ಕಾವಿಗೆ ಸತುವಿನ ಹೊಗೆ ಎದ್ದು ಜ್ವರ, ಕೆಮ್ಮು ತರಬಹುದು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಬರಿ ಕಬ್ಬಿಣದ್ದು ಹಾಕಿಸಿ.

ಪಳಗಿಸುವ ಕ್ರಮ:

1. ಸ್ಟಿಕರ್, ಪ್ಲಾಸ್ಟಿಕ್ ಎಲ್ಲ ತೆಗೆದು, ಒಳಭಾಗ ಮತ್ತು ಜಾಲರಿಯನ್ನು ಸೋಪು ನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಹಳೆಯ ಡ್ರಮ್ಮಿನ ಒಳಗೆ ಬಣ್ಣ, ಲೇಪ ಇದ್ದರೆ ಬಯಲಿನಲ್ಲಿ ಜೋರು ಬೆಂಕಿ ಹಾಕಿ ಸುಟ್ಟು, ತಂತಿ ಬ್ರಷ್ಷಿನಿಂದ ಬರಿ ಲೋಹ ಕಾಣುವವರೆಗೆ ಕೆರೆದು ತೊಳೆಯಬೇಕು. ಆ ಹೊಗೆಯ ಹತ್ತಿರ ನಿಲ್ಲಬೇಡಿ.
2. ಒಳಗೋಡೆ, ಮುಚ್ಚಳದ ಒಳಭಾಗ, ಜಾಲರಿಗೆ ಸೂರ್ಯಕಾಂತಿ ಎಣ್ಣೆಯನ್ನು ತೆಳುವಾಗಿ ಬಳಿಯಿರಿ. ತೊಟ್ಟಿಕ್ಕುವ ಎಣ್ಣೆ ಒರೆಸಿ. ಶಾಖಮಾಪಕಕ್ಕೆ, ಹೊರಗಿನ ಬಣ್ಣಕ್ಕೆ ಎಣ್ಣೆ ಬೇಡ.
3. ಗಾಳಿಕಿಂಡಿಗಳನ್ನೆಲ್ಲ ತೆರೆದು ಒಂದು ಒಂದೂವರೆ ಕಿಲೋ ಇದ್ದಿಲು ಹೊತ್ತಿಸಿ. ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ ಚಿಪ್ಪಿನ ಇದ್ದಿಲು ಸಿಕ್ಕಿದರೆ ಇನ್ನೂ ಒಳ್ಳೆಯದು. ಸೀಮೆಎಣ್ಣೆ ಸುರಿಯಬೇಡಿ, ಅದರ ವಾಸನೆ ಎಣ್ಣೆಯ ಪದರದಲ್ಲೇ ಉಳಿಯುತ್ತದೆ. ಒಣ ತೆಂಗಿನ ಸಿಪ್ಪೆ ಸಾಕು.
4. ಕೆಂಡವಾದ ಮೇಲೆ ಮುಚ್ಚಳ ಹಾಕಿ, ಗಾಳಿಕಿಂಡಿ ಹೊಂದಿಸಿ 120–135 ಡಿಗ್ರಿ ಸೆಲ್ಸಿಯಸ್ ಕಾವನ್ನು ಎರಡರಿಂದ ಮೂರು ಗಂಟೆ ಕಾಪಾಡಿ. ನಡುವೆ ಮುಷ್ಟಿಗಾತ್ರದ ಒಣ ಸೌದೆ ತುಂಡು ಎರಡು ಮೂರು ಹಾಕಿ. ಕೊನೆಯ ಅರ್ಧ ಗಂಟೆ ಕಿಂಡಿ ತೆರೆದು ಕಾವು ಏರಿಸಿ.
5. ಎಲ್ಲ ಕಿಂಡಿ ಮುಚ್ಚಿ ಕೆಂಡ ತಾನಾಗಿ ಆರಲಿ. ನೀರು ಎರಚಬೇಡಿ. ತಣ್ಣಗಾದ ಮೇಲೆ ಜಾಲರಿಗೆ ಇನ್ನೊಮ್ಮೆ ಎಣ್ಣೆ ಸವರಿ.

ಒಳಗೋಡೆ ಒಣಗಿದ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಅಂಟದಿದ್ದರೆ ಕೆಲಸ ಸರಿಯಾಗಿದೆ.

ಸೌದೆಗೆ ಕಾಫಿ ಗಿಡ, ಮಾವು, ಸೀಬೆ, ಹುಣಸೆ ಒಳ್ಳೆಯವು. ಚೆನ್ನಾಗಿ ಒಣಗಿರಬೇಕು, ಹಸಿ ಸೌದೆಯ ದಪ್ಪ ಬಿಳಿ ಹೊಗೆ ಮಾಂಸಕ್ಕೆ ಕಹಿ ಹಿಡಿಸುತ್ತದೆ. ತೆಳುವಾದ, ನೀಲಿ ಛಾಯೆಯ ಹೊಗೆ ಬರುವವರೆಗೆ ಕಾಯಿರಿ. ಪ್ಲೈವುಡ್, ಬಣ್ಣ ಬಳಿದ ಮರ, ನೀಲಗಿರಿ ಬೇಡ. ಬೇಲಿಯ ಕಣಗಿಲೆ ಕಡ್ಡಿಯಂತೂ ಹತ್ತಿರಕ್ಕೂ ಬೇಡ, ಅದರ ಹೊಗೆಯೂ ವಿಷ. ಚಳಿ, ಮಳೆ ಎಂದು ಶೆಡ್ಡಿನೊಳಗೋ ಗ್ಯಾರೇಜಿನೊಳಗೋ ಇಟ್ಟು ಹೊತ್ತಿಸಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಪ್ರಾಣ ತೆಗೆಯುತ್ತದೆ.

ಮೊದಲ ಅಡುಗೆಗೆ ಚರ್ಮ ಸಮೇತದ ಕೋಳಿ ತೊಡೆಯೋ ಕೊಬ್ಬಿರುವ ಹಂದಿ ತುಂಡೋ ಆದರೆ ಕರಗುವ ಕೊಬ್ಬು ಜಾಲರಿಗೆ ಇನ್ನೊಂದು ಪದರ ಕೊಡುತ್ತದೆ. ಸಸ್ಯಾಹಾರಿಗಳು ಎಣ್ಣೆ ಸವರಿದ ಹಾಸನದ ಆಲೂಗಡ್ಡೆ, ಗೆಣಸು, ಮುಸುಕಿನ ಜೋಳ ಇಡಬಹುದು.

ಬಳಸಿದ ಮೇಲೆ ಬೂದಿಯನ್ನು ಡ್ರಮ್ಮಿನಲ್ಲೇ ಬಿಡಬೇಡಿ. ಬೂದಿ ತೇವ ಎಳೆದುಕೊಂಡು ತಳವನ್ನು ತಿನ್ನುತ್ತದೆ. ಅರಕಲಗೂಡಿನ ಕೊಡಗು ಗಡಿಯ ಕಡೆ ಮಳೆಗಾಲವೆಲ್ಲ ಹೊರಗೆ ಬಿಟ್ಟ ಡ್ರಮ್ಮು ದೀಪಾವಳಿ ಹೊತ್ತಿಗೆ ತೂತಾದರೆ ಆಶ್ಚರ್ಯವಿಲ್ಲ.

ಪದರ ಕೆಟ್ಟರೆ ಏನು ಮಾಡಬೇಕು?

*ಕಾವಲಿ ಅಂಟಂಟಾಗಿದೆ.* ಎಣ್ಣೆ ದಪ್ಪವಾಗಿದೆ. ಎಣ್ಣೆ ಹಾಕದೆ ಮಧ್ಯಮ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿ. ಆಗಲೂ ಅಂಟಿದರೆ ಸೋಪು ಹಾಕಿ ಉಜ್ಜಿ ಮೊದಲಿನಿಂದ ಶುರು ಮಾಡಿ.

*ತುಕ್ಕು ಕಾಣಿಸಿದೆ.* ಕಲ್ಲುಪ್ಪು, ತೆಂಗಿನ ನಾರು ಹಿಡಿದು ತುಕ್ಕು ಹೋಗುವವರೆಗೆ ಉಜ್ಜಿ, ತೊಳೆದು, ಉರಿಯ ಮೇಲೆ ಆರಿಸಿ ಎರಡು ಮೂರು ಪದರ ಕೊಡಿ. ತುಕ್ಕು ಹಿಡಿದ ಕಾವಲಿಯನ್ನು ಗುಜರಿಗೆ ಹಾಕಬೇಕಿಲ್ಲ. ಸೀಳಿದ್ದನ್ನು ಮಾತ್ರ ಹಾಕಿ.

*ದೋಸೆ ನಡುವೆ ಮಾತ್ರ ಕಚ್ಚುತ್ತದೆ.* ಸಣ್ಣ ಬರ್ನರಿನ ಮೇಲೆ ದೊಡ್ಡ ಕಾವಲಿ ಇಟ್ಟಿದ್ದೀರಿ, ನಡುವೆ ಕಾವು ಹೆಚ್ಚಾಗಿದೆ. ದೊಡ್ಡ ಬರ್ನರಿಗೆ ಬದಲಾಯಿಸಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ ಹೊಯ್ಯಿರಿ.

*ಮಡಕೆಯಲ್ಲಿ ಬೂಷ್ಟು.* ಒಣಗದೆ ಮುಚ್ಚಿಟ್ಟದ್ದು ಕಾರಣ. ಬಿಸಿನೀರಿನಲ್ಲಿ ಉಜ್ಜಿ, ನೀರು ತುಂಬಿ ಕುದಿಸಿ ಚೆಲ್ಲಿ, ಎರಡು ದಿನ ಬಿಸಿಲಿಗಿಡಿ. ಮುಂದೆ ಬಾಯಿ ಮುಚ್ಚದೆ ಗಾಳಿಯಾಡುವ ಕಡೆ ಇಡಿ.

*ದಿನವೂ ಕಾವಲಿಯನ್ನು ತೊಳೆಯಬೇಕೆ?* ಬೆಚ್ಚಗಿರುವಾಗ ಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಸಾಕು. ಮೊಟ್ಟೆ, ಮೀನು ಬೇಯಿಸಿದ್ದರೆ ಒಂದು ಹನಿ ಸೋಪು ಹಾಕಿ ತೊಳೆಯಬಹುದು. ಗಟ್ಟಿಯಾದ ಪದರ ಅಷ್ಟಕ್ಕೆ ಹೋಗದು. ಸಿಂಕಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡುವುದು ಅದಕ್ಕಿಂತ ದೊಡ್ಡ ಅಪಾಯ.

ಈ ಕೆಲಸಗಳಿಗೆ ಖರ್ಚು ಹೆಚ್ಚಿಲ್ಲ, ಬೇಕಾದದ್ದು ಬಿಡುವು. ಕಾವಲಿಗೆ ಒಂದು ಭಾನುವಾರ, ಮಡಕೆಗೆ ಐದು ದಿನ, ಕಲ್ಚಟ್ಟಿಗೆ ಒಂದು ವಾರ, ಡ್ರಮ್ಮಿಗೆ ಒಂದು ಮಧ್ಯಾಹ್ನ. ಹಬ್ಬಕ್ಕೋ ನೆಂಟರು ಬರುವ ದಿನಕ್ಕೋ ಹೊಸ ಪಾತ್ರೆ ಬೇಕೆಂದರೆ ಹದಿನೈದು ದಿನ ಮುಂಚೆಯೇ ಕೊಂಡುಬನ್ನಿ. ಹಿಂದಿನ ದಿನ ತಂದು ಅಂದೇ ಪಳಗಿಸಲು ಹೊರಟರೆ ಹಬ್ಬದ ದಿನ ಹಳೆಯ ಪಾತ್ರೆಯನ್ನೇ ಒಲೆಗೆ ಇಡಬೇಕಾದೀತು.